ಬ್ರೆಡ್ ಬೀಳಿಸಿದವರು ಹಾಡಬೇಕು

ಟೈಲರ್ ಮಾಮನ ಹೆಂಡತಿ ಹಾಡುವುದನ್ನು ನಿಲ್ಲಿಸಿ ಹನ್ನೊಂದು ವರ್ಷವಾಗಿತ್ತು. "ಗಂಟಲಿಗೆ ತುಕ್ಕು ಹಿಡಿದಿದೆ ಕಣ್ರೀ" ಎಂದು ಆಕೆ ಪ್ರತಿಸಲವೂ ಜಾರಿಕೊಳ್ಳುತ್ತಿದ್ದಳು. ಈ ಘೋರ ಅನ್ಯಾಯವನ್ನು ಮಾಮ ಇನ್ನು ಸಹಿಸಲಾರದಾದರು.

ಆ ವರ್ಷದ ಚಳಿ ಎಂಥದೆಂದರೆ, ಬಾಯಿಂದ ಹೊರಟ ಮಾತು ಎದುರಿನವರ ಕಿವಿ ತಲುಪುವ ಮೊದಲೇ ಹೆಪ್ಪುಗಟ್ಟಿ ನೆಲಕ್ಕೆ ಬೀಳುತ್ತಿತ್ತು. ಮಾಮನಿಗೆ ಮದುವೆಯಾದ ಹೊಸತರಲ್ಲಿ ಇಂಥದೇ ಚಳಿಯ ಒಂದು ಸಂಜೆ ನೆನಪಾಯಿತು. ಇದೇ ಮೇಜು, ನಡುವೆ ಕರಗಿದ ಚೀಸಿನ ಪಾತ್ರೆ, ಸುತ್ತ ನೆಂಟರು. ಕಡ್ಡಿಗೆ ಚುಚ್ಚಿದ ಬ್ರೆಡ್ಡನ್ನು ಚೀಸಿನಲ್ಲಿ ಅದ್ದುವಾಗ ಬೀಳಿಸಿದವರು ಹಾಡಬೇಕು, ಅದು ಮನೆಯ ಕಾನೂನು. ಹೊಸ ಹೆಂಡತಿ ಬೀಳಿಸಿದಳು, ಹಾಡಿದಳು. ಮರುದಿನ ಅದೇ ಗುಂಗಿನಲ್ಲಿ ಮಾಮ ಗಿರಾಕಿಯ ಅಂಗಿಗೆ ಮೂರು ತೋಳು ಹೊಲಿದರು.

ಸರಿ, ಮತ್ತೆ ಫಾಂಡ್ಯೂ! (ಆ ಚೀಸಿನ ಪಾಕದ ಹೆಸರು.) ಹಳೆಯ ಪಾತ್ರೆ ತೂತಾಗಿದ್ದರಿಂದ ಒಂದು ಸಿಹಿಗುಂಬಳ ತಂದು ಟೇಪು ಹಿಡಿದರು.

"ಸೊಂಟ ಮೂವತ್ತೆಂಟು."

"ಪ್ಯಾಂಟೋ, ಲಂಗಾನೋ?" ಎಂದಳು ಹೆಂಡತಿ.

"ಸುಮ್ನಿರೇ. ಇದರ ಹೊಟ್ಟೇಲಿ ಚೀಸ್ ಕರಗಿಸ್ತೀನಿ."

"ನಿಮ್ಮ ಹೊಟ್ಟೇಲಿ ಕರಗಿದ್ರೆ ಸಾಕು."

ಚಾಕ್‌ನಿಂದ ಗೆರೆ ಎಳೆದು ಕುಂಬಳದ ಟೊಪ್ಪಿ ಕತ್ತರಿಸಿ, ಬೀಜ ತೆಗೆದು, ಹಾಲು, ತುರಿದ ಚೀಸು ತುಂಬಿ ಓವನ್ನಿನಲ್ಲಿ ಕೂರಿಸಿದರು. ಗುಟ್ಟಿನ ಕೆಲಸ ಆಮೇಲಿನದು. ತಮ್ಮ ತಟ್ಟೆಗೆ ಗಟ್ಟಿಯಾಗಿ ಸುಟ್ಟ ಬ್ರೆಡ್ಡು. ಹೆಂಡತಿಯ ತಟ್ಟೆಗೆ ಮುಟ್ಟಿದರೆ ಉದುರುವ ಮೆತ್ತನೆಯ ಬ್ರೆಡ್ಡು!

ಸಂಜೆ ಹೆಂಡತಿಯ ತಮ್ಮ ಪೋಸ್ಟ್‌ಮ್ಯಾನ್ ಬಂದ. ಹಬೆಯಾಡುವ ಕುಂಬಳವನ್ನು ಮಾಮ ಹೊತ್ತು ತಂದಿಟ್ಟರು. ಕನ್ನಡಕಕ್ಕೆಲ್ಲ ಹಬೆ. ಆದರೂ ಗತ್ತಿನಿಂದ ಕಡ್ಡಿ ಅದ್ದಿ ಎತ್ತಿದರೆ, ತುದಿಯಲ್ಲಿ ಏನೂ ಇಲ್ಲ!

"ಭಾವ, ಹಾಡು!"

"ಅದ್ಹೇಗೆ? ನಂದು ಕಲ್ಲಿನಂಥ ಬ್ರೆಡ್ಡು!"

"ಅದಕ್ಕೇ ನೀವು ಓವನ್ನಿಂದ ಕುಂಬಳ ತರೋಕೆ ಹೋದಾಗ ತಟ್ಟೆ ಬದಲಾಯಿಸ್ದೆ" ಎಂದಳು ಹೆಂಡತಿ. "ಮೊನ್ನೆ ತಾನೇ ಹಲ್ಲು ಕಟ್ಟಿಸ್ಕೊಂಡಿದೀರಿ. ಮೆತ್ತಗಿರೋದು ನಿಮಗಿರ್ಲಿ ಅಂತ."

ಕಾನೂನು ಕಾನೂನೇ. ಮಾಮ ಎದ್ದು ನಿಂತು, ಆಕೆ ಅಂದು ಹಾಡಿದ್ದ ಹಾಡನ್ನೇ ಎತ್ತಿಕೊಂಡರು. ಮೂರು ಬೀದಿಯ ಕಿಟಕಿಗಳು ದಡದಡನೆ ಮುಚ್ಚಿಕೊಂಡವು. ಪೋಸ್ಟ್‌ಮ್ಯಾನ್ ನಗು ತಡೆಯಲಾರದೆ ಮೇಜಿನಡಿ ಸೇರಿದ. ಎರಡನೆಯ ಸಾಲಿಗೆ ಹೆಂಡತಿ ಕಡ್ಡಿ ಕೆಳಗಿಟ್ಟಳು.

"ಅಯ್ಯೋ, ಪಾಪ, ಬಿಟ್ಬಿಡ್ರೀ ಅದನ್ನ! ಹಾಗಲ್ಲ, ಹೀಗೆ..."

ಹಾಡಿದಳು. ಒಂದೆರಡು ಕಡೆ ದನಿ ಒಡೆಯಿತು. ಆದರೂ ಕೊನೆಯವರೆಗೆ ಹಾಡಿದಳು. ಮಾಮನ ಕನ್ನಡಕ ಮತ್ತೆ ಮಂಜಾಯಿತು. (ಈ ಸಲ ಹಬೆಯ ತಪ್ಪೇನಿರಲಿಲ್ಲ.)

"ಇನ್ನೊಂದು ಹಾಡೇ."

"ನೀವೇ ಶುರು ಮಾಡಿ. ಕೇಳಿ ತೀರಾ ಸಂಕಟ ಆದ್ರೆ ನಾನು ಹಾಡ್ತೀನಿ."

ಮಾಮ ತಟ್ಟೆಯೆಲ್ಲ ತಡಕಾಡಿ, ಎಲ್ಲಕ್ಕಿಂತ ಮೆತ್ತಗಿನ ತುಂಡನ್ನು ಆರಿಸಿ ಕಡ್ಡಿಗೆ ಚುಚ್ಚಿಕೊಂಡರು.