ಎರೆಭೂತದ ಒಂದೇ ರೀಲು

ಬ್ಯಾಡಗಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ತೆಗೆದು ತೆಗೆದು ಜೀವ ಬೇಸತ್ತಿದ್ದ ತೊಂಬತ್ತರ ದಶಕದ ಶುರುವಿನಲ್ಲಿ ಇನಾಮದಾರ ಸಾಹೇಬರು ನಮ್ಮೂರಿಗೆ ಬಂದರು. ಧಾರವಾಡದ ಕಡೆಯವರು, ಮನೆ ಮುಂಬಯಿಯಲ್ಲಿ. ಮನೆಯಲ್ಲಿ ಇದ್ದದ್ದೇ ಕಡಿಮೆ! ಆಫ್ರಿಕಾದ ಸಿಂಹ, ಹಿಮದ ನಾಡಿನ ಕರಡಿ, ಎಲ್ಲದರ ಫೋಟೋ ತೆಗೆದವರು. ಕೈಗೆ ಸಿಗದೆ ಉಳಿದದ್ದು ರಾಣೆಬೆನ್ನೂರಿನ ಹುಲ್ಲುಗಾವಲಿನ ಎರೆಭೂತ ಮಾತ್ರ. ಸೊಂಟದೆತ್ತರದ, ಉದ್ದ ಕತ್ತಿನ ಆ ಹಕ್ಕಿ ಆಗಲೇ ಕಾಣುವುದು ಅಪರೂಪವಾಗಿತ್ತು.

"ಬ್ಯಾಗ್ ಹಿಡಿಯಾಕ ಒಬ್ಬರು ಬೇಕ್ರಿ. ಕೆಲಸ ಛಲೋ ಆತಂದ್ರ ಮುಂದಿನ ಸಲ ಆಫ್ರಿಕಾಕ್ಕ ನಿಮ್ಮನ್ನೂ ಕರಕೊಂಡು ಹೋಗ್ತೇನಿ," ಎಂದರು.

ಅವತ್ತೇ ಸ್ಟುಡಿಯೋಕ್ಕೆ ಬೀಗ ಹಾಕಿದೆ.

ನನ್ನ ಹೆಂಡತಿ ಜೈತೂನ್ ಮನೆಯಲ್ಲಿ ಉರ್ದು ಮಾತಾಡುತ್ತಾಳೆ. ಸಿಟ್ಟು ಬಂದಾಗ ಮಾತ್ರ ಕನ್ನಡ. ಅವತ್ತು ಶುದ್ಧ ಕನ್ನಡ!

"ನನ್ನ ತಮ್ಮನ ನಿಕಾ ಇದ ವಾರ ಐತಿ. ಫೋಟೋ ಯಾರು ತೆಗೀತಾರ, ನಿಮ್ಮ ಸಿಂಹಾನ?"

ಆಫ್ರಿಕಾಕ್ಕೆ ಹೊರಟವನಿಗೆ ಭಾಮೈದನ ನಿಕಾ ಯಾವ ಮಹಾ ಸಂಗತಿ! ಹೊರಟೇಬಿಟ್ಟೆ.

ಮೊದಲ ದಿನ ಹುಲ್ಲಿನ ನಡುವೆ ಹಸಿರು ಬಟ್ಟೆಯ ಸಣ್ಣ ಗುಡಾರದಲ್ಲಿ ಉಸಿರು ಬಿಗಿಹಿಡಿದು ಕುಳಿತೆವು. ನಾನು ರೊಟ್ಟಿ ತಂದಿದ್ದ ಚೀಲ ಹಿಂದಿನ ವಾರದ ತನಕ ಒಣಮೆಣಸಿನಕಾಯಿಯದು. ಬಿಚ್ಚಿದ್ದೇ ತಡ, ಸಾಹೇಬರು ಒಂಬತ್ತು ಸಲ ಸೀನಿದರು. ನಾನು ಹನ್ನೊಂದು. ಹಕ್ಕಿಯಿರಲಿ, ದೂರದಲ್ಲಿ ಮೇಯುತ್ತಿದ್ದ ಕೃಷ್ಣಮೃಗಗಳೂ ಓಡಿಹೋದವು.

ಮೂರನೆಯ ದಿನ ಬೆಳಿಗ್ಗೆ ಅದು ಬಂತು. ಒಂದೇ ಒಂದು. ಕತ್ತು ಎತ್ತಿ, ಗತ್ತಿನಿಂದ ನಡೆದು ಬಂತು. ಸಾಹೇಬರು ಒಂದಾದ ಮೇಲೊಂದು ಫೋಟೋ ತೆಗೆದರು. ಅದು ಹಾರಿಹೋದ ಮೇಲೆ ನೋಡಿದರೆ ಅವರ ಕಣ್ಣಲ್ಲಿ ನೀರು.

"ಎಂಟು ವರ್ಷ ಕಾದಿದ್ದೆ ಖಾದರಭಾಯ್. ಹಿಡೀರಿ ಇದನ್ನ. ಏನೂ ಮುಟ್ಟಬ್ಯಾಡ್ರಿ," ಎಂದು ಕ್ಯಾಮೆರಾ ನನ್ನ ಕೈಗಿಟ್ಟು, ಮುಖ ತೊಳೆಯಲು ಕೆರೆಯ ಕಡೆ ಹೋದರು.

ಮುಟ್ಟದೇ ಇರಬಹುದಿತ್ತು. ಆದರೆ ಅಷ್ಟು ದೊಡ್ಡ ಕ್ಯಾಮೆರಾ! ಒಂದೇ ಒಂದು ಫೋಟೋ, ಬರೀ ಹುಲ್ಲಿನದು, ನನ್ನ ಕೈಯಿಂದಲೂ ಇರಲಿ ಅನ್ನಿಸಿತು. ಒತ್ತಿದೆ.

ಅದು ರೀಲಿನ ಕೊನೆಯ ಫೋಟೋ. ಕ್ಯಾಮೆರಾ "ಗುರ್ರ್" ಎಂದು ಸದ್ದು ಮಾಡತೊಡಗಿತು. ನನ್ನ ಹಳೆಯ ಕ್ಯಾಮೆರಾದಲ್ಲಿ ರೀಲು ಮುಗಿದರೆ ಕೈಯಿಂದ ಸುತ್ತಬೇಕು. ತಾನಾಗಿಯೇ ಸುತ್ತಿಕೊಳ್ಳುವ ಕ್ಯಾಮೆರಾ ಇದೆಯೆಂದು ನನಗೇನು ಗೊತ್ತು? ಒಳಗೆ ಏನೋ ಕೆಟ್ಟಿತು ಎಂದು ಗಾಬರಿಯಾದೆ. ಇಪ್ಪತ್ತು ವರ್ಷದ ಅನುಭವಿ ಛಾಯಾಗ್ರಾಹಕನಾದ ನಾನು ತುರ್ತು ಚಿಕಿತ್ಸೆಗೆ ಮುಂದಾದೆ.

ಹಿಂಬದಿಯ ಮುಚ್ಚಳ ತೆಗೆದೆ!

ಎದುರಿಗೇ ಬೆಳಗಿನ ಸೂರ್ಯ. ಇನ್ನೂ ಸುತ್ತಿಕೊಳ್ಳದ ರೀಲೆಲ್ಲ ಬಿಸಿಲಲ್ಲಿ ಹೊಳೆಯಿತು; ಬೆಳಕು ತಾಗಿದ ರೀಲಿನಲ್ಲಿ ಒಂದು ಚಿತ್ರವೂ ಉಳಿಯದು. ಸಾಹೇಬರು ಬಂದು ನೋಡಿದರು.

"ಎಷ್ಟೊತ್ತು ಆತ್ರಿ ತೆರದು?"

"ಒಂದ್ ನಿಮಿಷರೀ..."

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕ್ಯಾಮೆರಾ ತೆಗೆದುಕೊಂಡು, ಹೊಸ ರೀಲು ಹಾಕಿ, ಮತ್ತೆ ಗುಡಾರದೊಳಗೆ ಹೋಗಿ ಕುಳಿತರು. ಆಮೇಲೆ ನಾಲ್ಕು ದಿನ ಕಾದೆವು. ಹಕ್ಕಿ ಬರಲಿಲ್ಲ. ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ, "ಹುಷಾರಾಗಿ ಇರ್ರಿ," ಎಂದಷ್ಟೇ ಹೇಳಿದರು. ಕಾಗದ ಬರೆದೆ. ಉತ್ತರ ಬರಲಿಲ್ಲ.

ನಿಕಾದ ಫೋಟೋಗಳನ್ನು ಪಕ್ಕದ ಓಣಿಯ ಸ್ಟುಡಿಯೋದವನು ತೆಗೆದಿದ್ದ. ಚೆನ್ನಾಗಿಯೇ ಬಂದಿದ್ದವು. ಅದು ಇನ್ನೂ ದೊಡ್ಡ ದುಃಖ!

ಆ ಹಕ್ಕಿಯನ್ನು ಅಲ್ಲಿ ಮತ್ತೆ ಕಂಡೆ ಎಂದವರು ನನಗೆ ಯಾರೂ ಸಿಕ್ಕಿಲ್ಲ. ಕೆಲವು ವರ್ಷಗಳ ಮೇಲೆ ಕದರಮಂಡಲಗಿಯ ಶಾಲೆಯ ಮಾಸ್ತರರೊಬ್ಬರು ಸ್ಟುಡಿಯೋಕ್ಕೆ ಬಂದರು.

"ಎರಿಭೂತ ಕಣ್ಣಾರೆ ನೋಡಿದವರು ನೀವಂತ. ಸಾಲಿ ಗ್ವಾಡಿ ಮ್ಯಾಲೆ ಅದರ ಚಿತ್ರ ಬರಸಾಕತ್ತೇವ್ರಿ. ಒಂದು ಫೋಟೋ ಇದ್ರ ಕೊಡ್ರಿ."

"ಫೋಟೋ ಇಲ್ಲರೀ."

"ಫೋಟೋಗ್ರಾಫರ್ ಕಡೇನ ಇಲ್ಲೇನ್ರಿ? ಹೋಗ್ಲಿ, ಹೆಂಗಿತ್ತು, ಅದನ್ನರ ಹೇಳ್ರಿ."

ಎದ್ದು ನಿಂತು ಕತ್ತು ಉದ್ದ ಮಾಡಿದೆ. ಎದೆ ಉಬ್ಬಿಸಿದೆ. ಆ ಬೆಳಗಿನ ಗತ್ತನ್ನೆಲ್ಲ ನೆನೆದು, ಕಾಲನ್ನು ಒಂದೊಂದಾಗಿ ಎತ್ತಿಡುತ್ತ ಸ್ಟುಡಿಯೋದ ಉದ್ದಕ್ಕೂ ನಡೆದು ತೋರಿಸಿದೆ.

ಮಾಸ್ತರರು ಗಂಭೀರವಾಗಿ ನೋಡಿದರು.

"ಇದು ಕೋಳಿ ಆತಲ್ರೀ!" ಎಂದರು.