ಯಂತ್ರಬ್ರಹ್ಮನ ಫ್ಲೆಕ್ಸು

ಶಿವಪುರದ ಬಸ್‌ಸ್ಟಾಪಿನ ಎದುರಿನ ಕಂಬದಲ್ಲಿ ಕಪ್ಪು ಕನ್ನಡಕ, ಕೋಟು, ತಲೆತುಂಬ ಕೂದಲು ಹೊತ್ತು ನಗುತ್ತಿದ್ದ ಸುಂದರಾಂಗ ತಾನೇ ಎಂದು ಗೊತ್ತಾಗಲು ಕೆಂಪರಾಜುವಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಾದದ್ದೂ ಮುಖದಿಂದಲ್ಲ, ಕೆಳಗಿದ್ದ ಹೆಸರಿನಿಂದ. 'ಎಳನೀರು ಯಂತ್ರದ ಸೃಷ್ಟಿಕರ್ತ, ಯಂತ್ರಬ್ರಹ್ಮ, ನಮ್ಮೂರ ಅಳಿಯ ಕೆಂಪರಾಜು ಅವರಿಗೆ ಹಾರ್ದಿಕ ಅಭಿನಂದನೆಗಳು.' ಅಷ್ಟೇ ಆಗಿದ್ದರೆ ಅವನೂ ಒಂದು ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಿದ್ದ. ಆದರೆ ಹೆಸರಿನ ಕೆಳಗೆ ಯಂತ್ರದ ನಕ್ಷೆಯಿತ್ತು. ಹಿಡಿ ಎಲ್ಲಿ, ಸ್ಪ್ರಿಂಗ್ ಎಲ್ಲಿ, ಅಲಗು ಎಷ್ಟು ಓರೆ, ಎಲ್ಲವೂ ಬಾಣದ ಗುರುತಿನ ಸಮೇತ ಬೆಳಗಿನ ಬಿಸಿಲಲ್ಲಿ ಫಳಫಳ ಹೊಳೆಯುತ್ತಿದ್ದವು.

ಸ್ಕೂಟರಿನ ಮೇಲೆ ಕೂತಲ್ಲೇ ಅವನ ಜೀವ ಬಾಯಿಗೆ ಬಂತು.

ಬಾರದೆ ಏನು ಮಾಡೀತು? ಮಂಡ್ಯದ ಹೊರಗಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಕೆಂಪರಾಜು ಮೆಕ್ಯಾನಿಕಲ್ ಮೇಷ್ಟ್ರು. ವರ್ಷ ವರ್ಷವೂ ಕರಾರು ಬರೆದುಕೊಟ್ಟು ಉಳಿದುಕೊಂಡವನು. ಪೇಟೆಂಟ್ ಅರ್ಜಿ ಹಾಕಿದವರನ್ನು ಮಾತ್ರ ಖಾಯಂ ಮಾಡುತ್ತೇವೆ ಎಂದು ಆಡಳಿತ ಮಂಡಳಿ ಹೇಳಿತ್ತು. ಮಂಡಳಿಯ ಸಭೆ ನಾಳೆ. ಅರ್ಜಿ ಇವತ್ತು ಸಂಜೆ. ಮಚ್ಚಿಲ್ಲದೆ ಎಳನೀರು ಕೊಚ್ಚುವ ಯಂತ್ರ ಅವನದು. ಒಮ್ಮೆ ಒತ್ತಿದರೆ ಮೂತಿ ಬಿಚ್ಚಿಕೊಳ್ಳುತ್ತದೆ, ಇನ್ನೊಮ್ಮೆ ಒತ್ತಿದರೆ ಒಳಗಿನ ಗಂಜಿಯೂ ಎದ್ದು ಬರುತ್ತದೆ.

ವಿಶ್ವವಿದ್ಯಾಲಯ ಸಂಶೋಧನೆಗೆ ಬೆಂಬಲ ಕೊಡಲಿಲ್ಲ ಎಂದು ಯಾರಾದರೂ ಅಂದರೆ ಅದು ಶುದ್ಧ ಸುಳ್ಳು. ಕೆಂಪರಾಜು ಕಬ್ಬಿಣ ಕೇಳಿದಾಗ ಒಂದು ಸಮಿತಿ ಕೊಟ್ಟರು, ವೆಲ್ಡಿಂಗ್ ಕೇಳಿದಾಗ ಒಂದು ಉಪಸಮಿತಿ ಕೊಟ್ಟರು. ಸಂಶೋಧನೆ, ಪೇಟೆಂಟ್ ಮತ್ತು ತಂತ್ರಜ್ಞಾನ ವಾಣಿಜ್ಯೀಕರಣ ಘಟಕ ಎಂಬ ಬೋರ್ಡಿನ ಕೋಣೆಯೂ ಇತ್ತು. ಅದರ ನಿರ್ದೇಶಕಿ ಡಾ. ಶಶಿರೇಖಾ ದಸರಾ ರಜೆ ಮುಗಿದ ಕೂಡಲೇ ಗೌಪ್ಯತಾ ಒಪ್ಪಂದದ ಸಮಾರಂಭ ಇಟ್ಟಿದ್ದರು. ದೀಪ ಬೆಳಗಿಸಿ, ಪ್ರಾರ್ಥನೆ ಹಾಡಿಸಿ, ಮೇಜಿನ ಮೇಲೆ ನಕ್ಷೆ ಹರಡಿ, ಕೆಂಪರಾಜುವಿಗೆ ಶಾಲು ಹೊದಿಸಿ, "ಈ ವಿಷಯ ನಮ್ಮ ನಾಲ್ಕು ಗೋಡೆ ದಾಟಬಾರದು" ಎಂದು ಮೈಕಿನಲ್ಲಿ ಹೇಳಿದ್ದರು. ಆಮೇಲೆ ಕಡತ ಸಮಿತಿಯಿಂದ ಉಪಸಮಿತಿಗೆ ಸುತ್ತಿ ಬರುವಷ್ಟರಲ್ಲಿ ಶಿವರಾತ್ರಿ ಕಳೆದು ಬಿಸಿಲೇರಿತ್ತು.

ಈಗ ನೋಡಿದರೆ ನಕ್ಷೆ ನಡುಬೀದಿಯಲ್ಲಿ. ಬೆಂಗಳೂರಿನ ಪೇಟೆಂಟ್ ವಕೀಲೆ ಗಗನಳಿಗೆ ಫೋನು ಮಾಡಿದ.

"ಸರ್, ಅರ್ಜಿ ಹಾಕೋಕೆ ಮುಂಚೆ ಜನಕ್ಕೆ ಗೊತ್ತಾಗಿಬಿಟ್ರೆ ಅದನ್ನ ಹೊಸದು ಅಂತ ಯಾರೂ ಒಪ್ಪಲ್ಲ" ಎಂದಳು ಗಗನ. "ಯಾವಾಗ ಕಟ್ಟಿದ್ದಾರೆ?"

"ನಿನ್ನೆ ರಾತ್ರಿ ಇರ್ಬೇಕು."

"ಈಗಲೇ ಬಿಚ್ಚಿಸಿ. ಯಾರಾದ್ರೂ ಫೋಟೋ ಹೊಡೆದು ಹಾಕಿಬಿಟ್ಟರೆ ಮುಗೀತು. ಸಂಜೆ ನಾನು ನಿಮ್ಮ ಯೂನಿವರ್ಸಿಟೀಲೇ ಇರ್ತೀನಿ."

ಮುಂದಿನ ಫೋನು ಚಿಕ್ಕರಸಿನಕೆರೆಯ ಮಾವ ನಿಂಗಯ್ಯನಿಗೆ. ಮಾವನ ಖುಷಿಗೆ ಮಿತಿಯಿರಲಿಲ್ಲ.

"ನೋಡಿದ್ರಾ ಅಳಿಯಂದ್ರೆ? ಎಂಗದೆ? ಶಿವಪುರದಾಗೊಂದು, ನಮ್ಮೂರಾಗೊಂದು, ಬೆಳಕವಾಡಿ ನಮ್ ಅಕ್ಕನ ಮನೆತಾವೊಂದು ಕಟ್ಸಿವ್ನಿ!"

"ಮಾವ, ಆ ನಕ್ಷೆ ಎಲ್ಲಿಂದ ಬಂತು?"

"ಅದೆಲ್ಲಿಂದ್ಲೋ ಮೊಬೈಲ್ನಾಗೆ ಬಂದಿತ್ತಂತೆ ಕಣ್ರೀ, ನಮ್ ಫ್ಲೆಕ್ಸ್ ನಾಗರಾಜು ಆಕ್ದ."

ಮೊಬೈಲಿನಲ್ಲಿ! ನಕ್ಷೆಯ ಇನ್ನೊಂದು ಪ್ರತಿಯಿದ್ದದ್ದು ತನ್ನ ಮನೆಯಲ್ಲಿ. ಮನೆಯಲ್ಲಿದ್ದವಳು ಹೆಂಡತಿ ಮೋಹಿನಿ. ಮೋಹಿನಿ ನಿಂಗಯ್ಯನ ಮಗಳು. ಕೆಂಪರಾಜು ಇಂಜಿನಿಯರ್ ಅಲ್ಲವೆ, ಲೆಕ್ಕ ಹಾಕಿಯೇಬಿಟ್ಟ. ಫೋನು ಮಾಡಿದವನೇ, "ನಿಮ್ಮಪ್ಪನಿಗೆ ನಕ್ಷೆ ಕಳಿಸಿ ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೇ!" ಎಂದ.

ಆ ಕಡೆಯಿಂದ ಶುರುವಾಯಿತು. "ರೀ, ನಿಮ್ಮ ಆ ಹಾಳೇನ ಬೀರೂಲಿ ನನ್ನ ಮದುವೆ ಸೀರೆ ಕೆಳಗೆ ಇಟ್ಟು ಕಾಯ್ತಾ ಇವ್ನಿ. ಕೆಲ್ಸದವಳು ಬಂದ್ರೂ ಆ ರೂಮ್ ಬಾಗ್ಲು ತೆಗೆದಿಲ್ಲ. ಒಂದ್ ಮಾತು ಕೇಳ್ದೆ ನನ್ನೇ ಕಳ್ಳಿ ಮಾಡ್ಬುಟ್ರಲ್ಲ! ಬನ್ನಿ ಸಂಜೆ ಮನೇಗೆ, ಐತೆ ನಿಮ್ಗೆ!" ಫೋನು ಕಟ್ಟಾಯಿತು.

ಕೆಂಪರಾಜು ಕಂಬ ಹತ್ತಿ ಫ್ಲೆಕ್ಸು ಬಿಚ್ಚಿ ಕೆಳಗಿಳಿಯುವಾಗ ಎದುರಿನ ಎಳನೀರಿನ ಮರಿತಾಯಮ್ಮ ಗೋಣಿಚೀಲ ಹೊದಿಸಿದ್ದ ಯಾವುದೋ ಸಾಮಾನನ್ನು ಗಾಡಿಯಿಂದ ಇಳಿಸುತ್ತಿದ್ದಳು. ಅದನ್ನು ಅಲ್ಲೇ ಬಿಟ್ಟು ಓಡಿಬಂದಳು.

"ಮೇಷ್ಟ್ರೆ, ಅದ್ನ ನಂಗ್ ಕೊಡಪ್ಪ. ಅಂಗ್ಡಿ ಮ್ಯಾಲೆ ಆಕ್ಕಂಡ್ರೆ ಬಿಸ್ಲಾದ್ರೂ ತಡೀತದೆ. ಅದ್ಸರಿ, ಅದ್ರಾಗಿರೋ ಆ ಮಿಸಿನ್ನು ನಮ್..."

"ಅವ್ವಾ, ಕೈ ಮುಗೀತೀನಿ! ಅದರ ಮಾತೇ ಎತ್ತಬೇಡ. ನೀನು ಅದನ್ನ ನೋಡೇ ಇಲ್ಲ. ಯಾರು ಕೇಳಿದ್ರೂ ನೋಡಿಲ್ಲ ಅನ್ನು!"

"ಅಯ್ಯೋ, ನಂಗ್ಯಾಕಪ್ಪ ಊರ ಉಸಾಬರಿ. ನೋಡ್ಲಿಲ್ಲ ಬುಡು."

ಮುದುಕಿಯ ಬಾಯಿ ಮುಚ್ಚಿಸುವುದಕ್ಕೆ ಏನಾದರೂ ಕೊಡಲೇಬೇಕಿತ್ತು. ಅವಳ ಮಚ್ಚಿನಿಂದಲೇ ಫ್ಲೆಕ್ಸನ್ನು ಅಡ್ಡಕ್ಕೆ ಸೀಳಿ, ಮುಖವಿದ್ದ ಮೇಲಿನ ಅರ್ಧವನ್ನು ಅವಳಿಗೆ ಕೊಟ್ಟು, ಹೆಸರು ಮತ್ತು ನಕ್ಷೆಯಿದ್ದ ಅರ್ಧವನ್ನು ಸುತ್ತಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೊರಟ.

ಚಿಕ್ಕರಸಿನಕೆರೆಯಲ್ಲಿ ಇಷ್ಟು ಸುಲಭವಾಗಲಿಲ್ಲ. ಅಲ್ಲಿ ಮರಕ್ಕೆ ಕಟ್ಟಿದ್ದರು. ಏಣಿ ಹಾಕಿ ಒಂದು ಮೂಲೆ ಬಿಚ್ಚಿದ್ದನಷ್ಟೆ, ಕೆಳಗಿನಿಂದ ಗುಡುಗು ಬಂತು.

"ಯಾವನ್ಲಾ ಅವ್ನು? ನಮ್ ನಿಂಗಯ್ಯಣ್ಣನ ಅಳಿಯನ ಫ್ಲೆಕ್ಸ್ ಕೀಳ್ತೀಯಾ? ಇಳೀಲಾ ಕೆಳೀಕೆ!"

ಇಳಿಯುವ ಮೊದಲೇ ಇಳಿಸಿದರು. ನಾಲ್ಕಾರು ಹುಡುಗರು ಸುತ್ತ ನಿಂತರು. ಮುಂದಾಳು ಫ್ಲೆಕ್ಸ್ ನಾಗರಾಜುವೇ.

"ಅದು ನಾನೇ ಕಣ್ರಪ್ಪಾ! ಆ ಕೆಂಪರಾಜು ನಾನೇ!"

ನಾಗರಾಜು ಒಮ್ಮೆ ಮೇಲೆ ನೋಡಿದ, ಒಮ್ಮೆ ಇವನ ಬೋಳುಹಣೆ ನೋಡಿದ. "ನೀನಾ? ಲೇ, ಆ ಮಖ ತಿದ್ದಿ ತೀಡಿದ್ದು ನಾನೇ ಕಣ್ಲಾ. ರಾತ್ರಿಯೆಲ್ಲ ಕುಂತು ಮಾಡಿವ್ನಿ. ನಂಗೇ ಕತೆ ಯೋಳ್ತೀಯಾ?"

ಅಂಗಿಯ ಗುಂಡಿಗಳು ಪಟಪಟ ಕಿತ್ತುಬಂದವು. ಒಬ್ಬ ಹುಡುಗ ಫೋನು ಎತ್ತಿ ಹಿಡಿದು ವಿಡಿಯೋ ಮಾಡತೊಡಗಿದ. ಹಿಂದೆ ನಕ್ಷೆ ಸ್ಪಷ್ಟವಾಗಿ ಕಾಣುತ್ತಿತ್ತು. ಏಟಿಗಿಂತ ಅದೇ ಹೆಚ್ಚು ಉರಿಯಿತು. "ಹೊಡೀರಪ್ಪ, ಎಷ್ಟು ಬೇಕಾದ್ರೂ ಹೊಡೀರಿ, ವಿಡಿಯೋ ಮಾತ್ರ ಮಾಡ್ಬೇಡಿ!" ಎಂದು ಕೂಗಿಕೊಂಡ. ಇಷ್ಟು ಮರ್ಯಾದಸ್ಥ ಕಳ್ಳನನ್ನು ಆ ಊರು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ನಿಂಗಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದ. "ಅಯ್ಯಯ್ಯೋ, ಬುಡ್ರಲಾ! ನಮ್ ಅಳಿಯಂದ್ರು ಕಣ್ರಲಾ!"

ಕೊರಳಪಟ್ಟಿ ಹಿಡಿದಿದ್ದ ಕೈಗಳೇ ಹಾರ ತಂದು ಕೊರಳಿಗೆ ಹಾಕಿದವು. ನಾಗರಾಜು ಗುಂಡಿಗಳನ್ನು ಆರಿಸಿ ಜೇಬಿಗೆ ಹಾಕಿಕೊಟ್ಟು, "ತೆಪ್ಪಾಯ್ತು ಸಾ. ನೀವು ಫೋಟೋದಾಗಿದ್ದಂಗೆ ಬಂದಿದ್ರೆ ಇಂಗಾಗ್ತಿರ್ಲಿಲ್ಲ" ಎಂದ. ವಿಡಿಯೋ ಅಳಿಸುವುದಕ್ಕೆ ಹುಡುಗ ಒಂದೇ ಷರತ್ತು ಹಾಕಿದ. ಎಲ್ಲರ ಜೊತೆ ಒಂದೊಂದು ಸೆಲ್ಫಿ.

ಫ್ಲೆಕ್ಸು ಕೆಳಗಿಳಿಯಿತು. ನಿಂಗಯ್ಯನ ಮುಖವೂ ಇಳಿದುಹೋಯಿತು. ಅಳಿಯನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ. "ನಾನು ಮಾಡಿದ್ದು ತೆಪ್ಪಾ ಅಳಿಯಂದ್ರೆ? ಕಾಯಂ ಇಲ್ದೆ ಇರೋ ಮೇಷ್ಟ್ರಿಗೆ ಮಗ್ಳು ಕೊಟ್ಟ ಅಂತ ಈ ಊರೋರು ಎಂಗ್ ನಗಾಡಿದ್ರು ಗೊತ್ತಾ? ಅವ್ರ ಕಣ್ಗೆ ಬೀಳ್ಲಿ ಅಂತ ಕಟ್ಸ್ದೆ."

ಕೆಂಪರಾಜು ಮಾವನ ಕೈ ಹಿಡಿದುಕೊಂಡ. "ನಾಳೆ ಖಾಯಂ ಆಗ್ತೀನಿ ಮಾವ. ಆಮೇಲೆ ಊರೆಲ್ಲ ಕಟ್ಟಿಸಿ, ನಾನೇ ಏಣಿ ಹಿಡ್ಕೋತೀನಿ" ಎಂದ.

ಊಟ ಮಾಡದೆ ಬಿಡುವುದುಂಟೆ? ಮುದ್ದೆ ಮುರಿಯುವ ಮುಂಚೆ ಸೇರಿದ್ದವರೆಲ್ಲ, "ಆ ಮಿಸಿನ್ನು ಎಂಗ್ ಕೆಲ್ಸ ಮಾಡ್ತದೆ ಯೋಳಿ ಸಾ" ಎಂದು ಕೂತರು.

"ಅದನ್ನ ಈಗ ಹೇಳೋ ಹಾಗಿಲ್ಲ."

ಮೂಲೆಯಲ್ಲಿದ್ದ ಹಿರಿಯರೊಬ್ಬರು ಪಕ್ಕದವರ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಪಾಪ, ಅವ್ರ್ಗೂ ಗೊತ್ತಿಲ್ಲ ಕಾಣ್ತದೆ."

ಬೆಳಕವಾಡಿ ತಲುಪಿದಾಗ ಕಂಬ ಖಾಲಿ. ನಿಂಗಯ್ಯನ ಅಕ್ಕ ಚಿಕ್ಕಬೋರಮ್ಮನ ಮನೆಯ ಮುಂದೆ ನೋಡಿದರೆ ಫ್ಲೆಕ್ಸು ನೆಲದ ಮೇಲೆ ಹಾಸಿತ್ತು. ಅದರ ತುಂಬ ಹುಣಸೆಹಣ್ಣು ಒಣಗುತ್ತಿತ್ತು. ಕಪ್ಪು ಕನ್ನಡಕ ಮಾತ್ರ ಒಂದು ಅಂಚಿನಲ್ಲಿ ಇಣುಕುತ್ತಿತ್ತು.

"ಉಣ್ಸೆಣ್ಣು ಒಣಗ್ಸಕ್ಕಾಯ್ತದೆ ಅಂತ ಬೆಳಿಗ್ಗೇನೇ ಬಿಚ್ಕಂಡೆ ಕಣಪ್ಪ. ಏನ್ ಗಟ್ಟಿ ಬಟ್ಟೆ! ನಿಂಗೇನಾದ್ರೂ ಬೇಕಾಗಿತ್ತಾ?"

"ಬೇಡ ಅತ್ತೆ! ಇನ್ನೂ ಸ್ವಲ್ಪ ಹುಣಸೆಹಣ್ಣು ಇದ್ರೆ ಸುರೀರಿ. ಒಂದು ಚೂರೂ ಕಾಣದ ಹಾಗೆ ಸುರೀರಿ!" ಎಂದು ಕೆಂಪರಾಜು ಅವಳ ಕಾಲಿಗೆ ಬಿದ್ದ. ಬಿಸಿಲಿಗೆ ತಲೆ ಕೆಟ್ಟಿರಬೇಕು ಎಂದುಕೊಂಡು ಚಿಕ್ಕಬೋರಮ್ಮ ಒಂದು ಚೊಂಬು ಮಜ್ಜಿಗೆ ಕುಡಿಸಿ ಕಳಿಸಿದಳು.

ಸಂಜೆ ವಿಶ್ವವಿದ್ಯಾಲಯದ ಗೇಟಿಗೆ ಬಂದಾಗ ಅವನ ಅಂಗಿಗೆ ಗುಂಡಿಯಿರಲಿಲ್ಲ, ಮೊಣಕೈ ತರಚಿತ್ತು, ಕೊರಳಲ್ಲಿ ಬಾಡಿದ ಹಾರವಿತ್ತು. ಆದರೂ ಗೆದ್ದವನ ನಡಿಗೆ. ಘಟಕದ ಕೋಣೆಯಲ್ಲಿ ಗಗನ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಎದುರಿಗೆ ಶಶಿರೇಖಾ.

"ಮೂರೂ ಮುಗಿಸಿದೆ ಮೇಡಂ! ಇನ್ನು ಜಗತ್ತಿನಲ್ಲಿ ಒಂದು ಚಿತ್ರವೂ ಇಲ್ಲ. ಅರ್ಜಿ ಹಾಕಿ!"

ಗಗನ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. "ಅರ್ಜಿಗೆ ಮುಂಚೆ ಸುಮ್ಮನೆ ಒಂದು ಸಲ ಹುಡುಕಿ ನೋಡಿದೆ ಸರ್."

ಅದು ವಿಶ್ವವಿದ್ಯಾಲಯದ್ದೇ ವೆಬ್‌ಸೈಟು. 'ಗೌಪ್ಯತೆ ಕಾಪಾಡುವಲ್ಲಿ ನಮ್ಮ ಸಾಧನೆ' ಎಂಬ ತಲೆಬರಹದ ಕೆಳಗೆ ಒಂದು ದೊಡ್ಡ ಫೋಟೋ. ಶಾಲು ಹೊದ್ದ ಕೆಂಪರಾಜು ಒಪ್ಪಂದಕ್ಕೆ ಸಹಿ ಹಾಕುತ್ತಿದ್ದಾನೆ. ಮುಂದೆ ಮೇಜಿನ ಮೇಲೆ ನಕ್ಷೆ. ಹಿಡಿ, ಸ್ಪ್ರಿಂಗ್, ಅಲಗು, ಬಾಣದ ಗುರುತು. ಮೂಲೆಯಲ್ಲಿ ದಸರಾ ನಂತರದ ಆ ದಿನಾಂಕ, ಊರಿನ ಹೆಸರು, ಭೂಪಟದ ಸಮೇತ.

"ಮೇಡಂ... ಇದು?"

"ಪುರಾವೆ ಬೇಡವೇ ಸರ್?" ಶಶಿರೇಖಾ ಬೇಸರದಿಂದಲೇ ಹೇಳಿದರು. "ಯಾವ ಕಾರ್ಯಕ್ರಮ ಮಾಡಿದರೂ ಸ್ಥಳ, ತಾರೀಕು ಸಮೇತ ಫೋಟೋ ಹಾಕಲೇಬೇಕು ಅಂತ ನಿಯಮ. ಗುಟ್ಟು ಕಾಪಾಡಿದ್ದೇವೆ ಅಂತ ತನಿಖೆಗೆ ಬರೋರಿಗೆ ಇನ್ನು ಹೇಗೆ ತೋರಿಸೋದು? ಚೆನ್ನಾಗಿ ಕಾಣಲಿ ಅಂತ ನಾವೇ ಒಳ್ಳೇ ಕ್ಯಾಮರಾ ತರಿಸಿದ್ವಿ."

ನಾಗರಾಜುವಿನ ಮೊಬೈಲಿಗೆ ನಕ್ಷೆ ಎಲ್ಲಿಂದ ಬಂತೆಂದು ಕೆಂಪರಾಜುವಿಗೆ ಈಗ ಹೊಳೆಯಿತು.

"ಆಗಿನಿಂದ ಎಲ್ಲರಿಗೂ ಕಾಣ್ತಾ ಇದೆ ಸರ್. ಈಗ ಅರ್ಜಿ ಹಾಕೋದು ವ್ಯರ್ಥ" ಎಂದು ಗಗನ ಲ್ಯಾಪ್‌ಟಾಪ್ ಮುಚ್ಚಿದಳು.

"ಹಾಗಾದರೆ ನನ್ನ ಖಾಯಮ್ಮು?"

"ಈ ವರ್ಷ ಕಷ್ಟ. ಆದರೆ ವಿಶ್ವವಿದ್ಯಾಲಯ ನಿಮ್ಮ ಕೈ ಬಿಡಲ್ಲ ಸರ್" ಎಂದರು ಶಶಿರೇಖಾ. "ಗುಟ್ಟಿಗಾಗಿ ಏಟು ತಿಂದವರು ನಮ್ಮಲ್ಲಿ ನೀವೊಬ್ಬರೇ. ಗೌಪ್ಯತಾ ಸಂಚಾಲಕರ ಹುದ್ದೆ ನಿಮಗೇ. ಹೆಚ್ಚುವರಿ ಜವಾಬ್ದಾರಿ, ಸಂಬಳ ಏನಿಲ್ಲ. ಹಾರ ತೆಗೀಬೇಡಿ, ಹಾಗೇ ನಿಂತ್ಕೊಳ್ಳಿ, ಒಂದು ಫೋಟೋ ಆಗಿಬಿಡಲಿ."

ಫೋಟೋ ಆಯಿತು.

ಮನೆಯ ದಾರಿಯಲ್ಲಿ ಶಿವಪುರ ಹತ್ತಿರ ಬರುತ್ತಿದ್ದಂತೆ ಖಾಯಮ್ಮಿನ ದುಃಖಕ್ಕಿಂತ ಮೋಹಿನಿಯ ಭಯ ದೊಡ್ಡದಾಯಿತು. ಪಾಪ, ಸೀರೆಯ ಕೆಳಗೆ ನಕ್ಷೆ ಇಟ್ಟು ಕಾದವಳನ್ನು ಕಳ್ಳಿ ಅಂದುಬಿಟ್ಟೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಅವಳಿಗೆ ಎಳನೀರು ಅಂದರೆ ಪ್ರಾಣ. ಸ್ಕೂಟರು ನಿಲ್ಲಿಸಿದ. ಅಂಗಡಿಯ ಮೇಲೆ ಅವನದೇ ಮುಖ ಕಪ್ಪು ಕನ್ನಡಕ ಹಾಕಿಕೊಂಡು ನಗುತ್ತಿತ್ತು.

"ಮರಿತಾಯವ್ವ, ಒಂದು ನನಗೆ ಇಲ್ಲೇ ಕೊಚ್ಚಿಕೊಡು, ಎರಡು ಮನೆಗೆ."

"ಕೊಚ್ಚೋದೆಲ್ಲ ಓಯ್ತು ಕಣಪ್ಪ" ಎಂದು ಮರಿತಾಯಮ್ಮ ಪಕ್ಕದಲ್ಲಿದ್ದ ಗೋಣಿಚೀಲ ಸರಿಸಿದಳು. ಒಮ್ಮೆ ಒತ್ತಿದಳು. ಕಾಯಿಯ ಮೂತಿ ಬಿಚ್ಚಿಕೊಂಡಿತು. ಇನ್ನೊಮ್ಮೆ ಒತ್ತಿದಳು. ಗಂಜಿ ಎದ್ದು ಬಂತು. ಹಿಡಿ, ಸ್ಪ್ರಿಂಗ್, ಅಲಗು, ಅದೇ ಓರೆ.

ಕೆಂಪರಾಜು ಬಗ್ಗಿ ಅಲಗನ್ನು ಮುಟ್ಟಿ ನೋಡಿದ.

"ಬೆಂಗ್ಳೂರಿಂದ ಲಾರೀಲಿ ಬತ್ತವೆ. ಮದ್ದೂರ್ ಎಳ್ನೀರ್ ಮಾರ್ಕೆಟ್ನಾಗೆ ಈಗ ಎಲ್ರತಾವೂ ಇದೇಯ. ಬೆಳಿಗ್ಗೆ ಅದ್ನೇ ಯೋಳಕ್ ಬಂದೆ, ನೀನು ನೋಡೇ ಇಲ್ಲ ಅನ್ನು ಅಂದೆ. ಅದ್ಕೇ ಮುಚ್ಚಿಟ್ಟಿದ್ದೆ. ನೀನು ಯೋಳಿದ್ಮೇಲೆ ನಾನ್ ಯಾರ್ಗೂ ಬಾಯ್ ಬುಡ್ಲಿಲ್ಲಪ್ಪ."

"ಯಾರಂತೆ ಅವ್ವ... ಇದನ್ನ ಕಂಡುಹಿಡಿದವರು?"

"ಯಾವನೋ ಪುಣ್ಯಾತ್ಮ. ಅವ್ನ್ ಕೈ ತಣ್ಗಿರ್ಲಿ, ನನ್ನ ರಟ್ಟೆನೋವೆಲ್ಲ ಓಯ್ತು."

ಕೆಂಪರಾಜು ಎಳನೀರು ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ತಲೆಯ ಮೇಲೆ ಇಳಿಬಿದ್ದಿದ್ದ ಫ್ಲೆಕ್ಸು ಗಾಳಿಗೆ ಅಲ್ಲಾಡಿತು. ಅವನು ಮೆಲ್ಲಗೆ ಅದರ ಕಡೆ ಬೆರಳು ತೋರಿಸಿ, "ಮತ್ತೆ ಇವರು ಯಾರು ಅಂತ ಗೊತ್ತಾ?" ಎಂದು ಕೇಳಿದ.

ಮರಿತಾಯಮ್ಮ ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು. "ಇವ್ನಾ? ಯಾರೋ ಎಲೆಕ್ಸನ್‌ಗೆ ನಿಂತು ಸೋತೋನಿರ್ಬೇಕು ಬುಡು."