ಮೀಸೆಗೆ ಮೆತ್ತಿದ ಜೇಡಿಮಣ್ಣು

ಜರಗನಹಳ್ಳಿಯ ಗಂಗಾಧರಯ್ಯನ ನಿದ್ದೆ ಕೆಡಿಸಿದ್ದು ಒಬ್ಬ ಫೋಟೋದವನ ಒಂದೇ ಮಾತು. ನಾಲ್ಕು ತಿಂಗಳ ಹಿಂದೆ ಯಡಿಯೂರಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋದಾಗ ಅವನು ಕ್ಯಾಮರಾ ಹಿಡಿದುಕೊಂಡು, "ಅಂಕಲ್, ನಿಮ್ಮ ಮಗನ್ನ ಸ್ವಲ್ಪ ಹತ್ರ ನಿಲ್ಲಿಸ್ಕೊಳ್ಳಿ" ಎಂದಿದ್ದ. ಪಕ್ಕದಲ್ಲಿ ನಿಂತಿದ್ದವನು ಮಗನಲ್ಲ, ಷಡ್ಡಕ ಹನುಮಯ್ಯ. ಗಂಗಾಧರಯ್ಯನಿಗೆ ಅರವತ್ತೊಂದು ವರ್ಷ. ಹನುಮಯ್ಯನಿಗೆ ಅರವತ್ತಮೂರು.

ಹನುಮಯ್ಯ ತಲೆಗೂದಲಿಗೆ ಕಪ್ಪು ಹಚ್ಚುತ್ತಿದ್ದ, ಮೀಸೆ ಬೋಳಿಸುತ್ತಿದ್ದ. ಅವನ ಮುಖವೋ, ಹುಣಿಸೆಹಣ್ಣು ಹಾಕಿ ಬೆಳಗಿದ ತಂಬಿಗೆಯ ಹಾಗೆ ಮಿರಮಿರ ಮಿನುಗುತ್ತಿತ್ತು. ಗಂಗಾಧರಯ್ಯನ ತಲೆ ಮೂವತ್ತಕ್ಕೇ ಬೋಳಾಗಿದ್ದರಿಂದ ಅದು ವಯಸ್ಸು ಹೇಳುತ್ತಿರಲಿಲ್ಲ. ಹೇಳುತ್ತಿದ್ದುದು ಕೆನ್ನೆಯವರೆಗೆ ಹರಡಿದ್ದ ಬೆಳ್ಳನೆಯ ಮೀಸೆ. ಅದನ್ನು ತೆಗೆಯುವುದು ಅಪ್ಪ ಸತ್ತಾಗ ಮಾತ್ರ ಎಂದು ನಂಬಿದ್ದ ಅವನು, ಅಪ್ಪ ಸತ್ತ ಮೇಲೆ ಅದಕ್ಕೆ ಕತ್ತರಿಯನ್ನೂ ಸರಿಯಾಗಿ ತೋರಿಸಿರಲಿಲ್ಲ.

ಆ ಮೀಸೆ ಕಂಡರೆ ಸಾಕು, ಜನ ಎದ್ದು ಚೇರು ಬಿಟ್ಟುಕೊಡುತ್ತಿದ್ದರು. ನೆಂಟರಲ್ಲಿ ಯಾರ ನಿಶ್ಚಿತಾರ್ಥವಾದರೂ ಪುರೋಹಿತರು ವಿಚಾರಿಸದೆಯೇ ಅವನನ್ನು ಮುಂದೆ ಕೂರಿಸಿ, ತಾಂಬೂಲದ ತಟ್ಟೆ ಅವನ ಕೈಗೇ ಕೊಡುತ್ತಿದ್ದರು. ಹಾಗೆ ಬಂದ ಹದಿನಾಲ್ಕು ಶಾಲು ಬೀರುವಿನಲ್ಲಿದ್ದವು. ಅವನಿಗೆ ಮಾತ್ರ ಅವು ಹದಿನಾಲ್ಕು ಅವಮಾನಗಳಂತೆ ಕಾಣುತ್ತಿದ್ದವು. ಪ್ರತಿ ಸಲ ಮನೆಗೆ ಬಂದ ಮೇಲೆ ಹೆಂಡತಿ ಮಂಗಮ್ಮ, "ನಮ್ ಭಾವನ ಮುಖ ನೋಡಿದ್ರಾ? ಏನ್ ಕಳೆ ಅಂತೀರ" ಎನ್ನುತ್ತಿದ್ದಳು. ಗಂಗಾಧರಯ್ಯನ ಹೊಟ್ಟೆಯೊಳಗೆ ಒಲೆ ಹತ್ತಿಕೊಳ್ಳುತ್ತಿತ್ತು.

ಇವತ್ತು ಮಂಗಮ್ಮನ ತಮ್ಮ ಚಿಕ್ಕಬೈರಪ್ಪನ ಮಗಳ ನಿಶ್ಚಿತಾರ್ಥ. ಬನಶಂಕರಿಯ ಛತ್ರದಲ್ಲಿ ಸಂಜೆ ಐದಕ್ಕೆ. ಫೋಟೋ ತೆಗೆಯಲು ಬರುವವನೂ ಅದೇ ಯಡಿಯೂರಿನವನು. ಇವತ್ತಾದರೂ ಆ ಷಡ್ಡಕನಿಗಿಂತ ಚಿಕ್ಕವನಾಗಿ ಕಾಣಲೇಬೇಕು ಎಂದು ಗಂಗಾಧರಯ್ಯ ಬೆಳಿಗ್ಗೆ ಎದ್ದಾಗಲೇ ನಿರ್ಧರಿಸಿದ. ಮೂರು ತಿಂಗಳಿಂದ ಹನುಮಯ್ಯ ಮಂಡಿನೋವೆಂದು ಯಾರ ಮನೆಗೂ ಹೋಗಿರಲಿಲ್ಲ. ಆರೋಗ್ಯ ವಿಚಾರಿಸುವ ನೆವದಲ್ಲಿ ಫೋನು ಮಾಡಿದ.

"ಅಣ್ಣ, ಮಂಡಿ ಹೆಂಗೈತೆ?"

"ಪರವಾಗಿಲ್ಲ. ಸಂಜೆ ಬರ್ತಾ ಇದೀನಿ."

"ಅದಿರ್ಲಿ, ಮುಖಕ್ಕೆ ಏನ್ ಹಚ್ತೀರ ನೀವು? ನಮ್ ಮಂಗಮ್ಮ ಕೇಳ್ತಾ ಇದ್ಲು." ಮಂಗಮ್ಮ ಒಳಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಅವಳು ಏನನ್ನೂ ಕೇಳಿರಲಿಲ್ಲ.

"ಜೇಡಿಮಣ್ಣು ಹಚ್ತಿದ್ದೆ ಗಂಗಾಧರಯ್ಯ. ಅವ್ವನ ಕಾಲದ್ದು. ಬಿಳೇಕಹಳ್ಳಿ ಹೊಲ ಕೊಡೋಕ್ ಮುಂಚೆ ಎರಡು ಮೂಟೆ ತುಂಬಿ ಇಟ್ಕಂಡಿದ್ದೆ. ನಿಮ್ ಮೀಸೆ ಹೆಂಗೈತೆ?"

"ಮೀಸೆಗೇನು, ಐತೆ" ಎಂದು ಗಂಗಾಧರಯ್ಯ ಫೋನಿಟ್ಟ.

ಎರಡು ಮೂಟೆ. ತಾನು ಮಾರಿದ್ದು ಮೂರೆಕರೆ, ಇಟ್ಟುಕೊಂಡದ್ದು ಒಂದು ಹಿಡಿಯೂ ಇಲ್ಲ. ಹೊಟ್ಟೆಯೊಳಗಿನ ಒಲೆಗೆ ಇನ್ನೊಂದು ಸೌದೆ ಬಿತ್ತು. ಮಂಗಮ್ಮ, "ಅಂಗಡೀಲಿ ಮುಲ್ತಾನಿ ಮಿಟ್ಟಿ ಸಿಗುತ್ತೆ, ತಂದ್ಕೊಳ್ಳಿ" ಎಂದಳು.

"ಅವನು ಹೊಲದ ಮಣ್ಣು ಹಚ್ಚೋದು, ನಾನು ಪ್ಯಾಕೆಟ್ ಮಣ್ಣು ಹಚ್ಚೋದಾ?" ಎಂದು ಗಂಗಾಧರಯ್ಯ ಚಪ್ಪಲಿ ಮೆಟ್ಟಿದ.

ಏಳು ತಲೆಮಾರು ಉಳುಮೆ ಮಾಡಿದ ಮನೆತನ ಅದು. ಆದರೆ ಮನೆಯ ಸುತ್ತ ಒಂದು ಬೊಗಸೆ ಮಣ್ಣು ಸಿಗಲಿಲ್ಲ. ಕಾಂಪೌಂಡಿಗೆಲ್ಲ ಟೈಲ್ಸು ಹಾಕಿಸಿದವನು ಅವನೇ. ಮಹಡಿಯ ಮೇಲೆ ಬಾಡಿಗೆಗಿದ್ದ ಮಹೇಶನ ಹೂಕುಂಡಕ್ಕೆ ಕೈ ಹಾಕಿದರೆ ಅವನು ಓಡಿಬಂದು, "ಅಂಕಲ್, ಅದು ಮಣ್ಣಲ್ಲ, ತೆಂಗಿನ ನಾರಿನ ಪುಡಿ. ಆನ್‌ಲೈನಲ್ಲಿ ತರಿಸಿದ್ದು" ಎಂದ.

ಆಗ ನೆನಪಾದದ್ದು ಕೊನೆಯ ಬೀದಿಯ ಸೈಟು. ಒಂದು ಕಾಲಕ್ಕೆ ಅದು ಅವನದೇ ರಾಗಿ ಹೊಲ. ಕೊಂಡವರು ಇಷ್ಟು ವರ್ಷ ತಗಡಿನ ಬೇಲಿ ಹಾಕಿ ಬಿಟ್ಟಿದ್ದರು, ಈಗ ಅಪಾರ್ಟ್‌ಮೆಂಟಿಗೆ ಪಾಯ ತೆಗೆಸುತ್ತಿದ್ದರು. ಅಪ್ಪ ಬಾವಿ ತೋಡಿಸಿದಾಗ ಎಂಟಡಿ ಕೆಳಗೆ ಬೆಣ್ಣೆಯಂಥ ಬಿಳಿ ಜೇಡಿ ಸಿಕ್ಕಿದ್ದು ಅವನಿಗೆ ನೆನಪಿತ್ತು. ಅವ್ವ ಅದರಲ್ಲೇ ತಲೆ ತೊಳೆಯುತ್ತಿದ್ದಳು, ಕಣಜ ಕಚ್ಚಿದರೆ ಅದನ್ನೇ ಮೆತ್ತುತ್ತಿದ್ದಳು.

ಸುತ್ತ ಯಾರೂ ಇಲ್ಲದ್ದನ್ನು ನೋಡಿ ಗಂಗಾಧರಯ್ಯ ಪಾಯದ ಗುಂಡಿಗೆ ಇಳಿದ. ಮೂರನೇ ಹೆಜ್ಜೆಗೆ ಕಾಲು ಜಾರಿ, ಉಳಿದ ದಾರಿಯನ್ನು ಕೂತುಕೊಂಡೇ ಇಳಿದ. ತಳದಲ್ಲಿ ಅದೇ ಬಿಳಿ ಜೇಡಿ. ಒಂದು ಹಿಡಿ ತೆಗೆದು, ಒಳ್ಳೆಯದೋ ಎಂದು ಮೂಸಿ ನೋಡುತ್ತಿರುವಾಗ ವಾಚ್‌ಮನ್ ಯಲ್ಲಪ್ಪ ದಡದ ಮೇಲೆ ಕಾಣಿಸಿಕೊಂಡ.

"ಏನ್ ಮಾಡಾಕತ್ತೀರಿ ಯಜಮಾನ್ರ?"

ಗಂಗಾಧರಯ್ಯನಿಗೆ ಬೇರೆ ಏನೂ ಹೊಳೆಯಲಿಲ್ಲ. "ಇದು ನಮ್ಮ ಹೊಲ ಆಗಿತ್ತಪ್ಪ" ಎಂದ.

ಯಲ್ಲಪ್ಪ ಊರಲ್ಲಿ ಹೊಲ ಬಿಟ್ಟು ಬಂದವನು. "ಸಮಾಧಾನ ಮಾಡ್ಕೋರಿ. ಮಣ್ಣಿನ ಋಣ ಸುಮ್ನ ಬಿಡೂದಿಲ್ರಿ" ಎಂದು ತಾನೇ ಇಳಿದು ಬಂದು ಒಂದು ಚೀಲ ಜೇಡಿ ತುಂಬಿಕೊಟ್ಟು, ಕೈಹಿಡಿದು ಹತ್ತಿಸಿದ. ಗಂಗಾಧರಯ್ಯ ಮರ್ಯಾದೆಗೆಂದು ಒಂದು ಸಲ ಕಣ್ಣೊರೆಸಿಕೊಂಡ.

ಇದನ್ನೆಲ್ಲ ಎದುರುಮನೆಯ ರುದ್ರಮ್ಮ ತನ್ನ ಮೂರನೇ ಮಹಡಿಯ ಬಾಲ್ಕನಿಯಿಂದ ನೋಡಿದ್ದಳು. ಅವಳು ನೋಡಿದ ಮೇಲೆ ಬೀದಿಗೆ ಬೇರೆ ಟೀವಿ ಬೇಕಿರಲಿಲ್ಲ. ಗಂಗಾಧರಯ್ಯ ಗೇಟು ತೆಗೆಯುವ ಹೊತ್ತಿಗೆ ಅವಳೂ ಹಿಂದೆಯೇ ಬಂದಿದ್ದಳು.

"ಮುಖಕ್ಕಾ? ಬರೀ ನೀರಲ್ಲಿ ಕಲಸಿದ್ರೆ ನಿಲ್ಲಲ್ಲ ಅಣ್ಣ. ಎರಡು ಮೊಟ್ಟೆ ಬಿಳಿ ಹಾಕಿ, ಸ್ವಲ್ಪ ಮೆಂತ್ಯದ ಹಿಟ್ಟು ಹಾಕಿ. ನಮ್ಮತ್ತೆ ಹಂಗೇ ಮಾಡ್ತಿದ್ರು."

"ನಿಮ್ಮತ್ತೆ ಮುಖ ಚೆನ್ನಾಗಿತ್ತಾ?"

"ಅವರು ಮಂಡಿಗೆ ಹಾಕ್ತಿದ್ರು. ಮಂಡಿ ಚೆನ್ನಾಗಿತ್ತು."

ಗಂಗಾಧರಯ್ಯ ಎರಡಲ್ಲ, ನಾಲ್ಕು ಮೊಟ್ಟೆ ಒಡೆದ. ಷಡ್ಡಕನಿಗಿಂತ ಒಂದು ಕೈ ಮೇಲಿರಲಿ ಎಂದು ಮೀಸೆಯನ್ನೂ ಬಿಡದೆ ಬೆರಳಿನ ದಪ್ಪಕ್ಕೆ ಮೆತ್ತಿಕೊಂಡು, ಟೆರೇಸಿನ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂತ. ಬೆಳಿಗ್ಗೆಯಿಂದ ಓಡಾಡಿದ್ದಕ್ಕೆ ಹಾಗೆಯೇ ಜೊಂಪು ಹತ್ತಿತು. ಬಟ್ಟೆ ತೆಗೆಯಲು ಬಂದ ಮಂಗಮ್ಮ, ಕುರ್ಚಿಯಲ್ಲಿ ಕೂತ ಬಿಳಿಯ ಬೊಂಬೆಯನ್ನು ಕಂಡು ಬಕೆಟ್ಟು ಕೈಬಿಟ್ಟಳು. ಆ ಸದ್ದಿಗೆ ಎಚ್ಚರವಾದಾಗ ಮೂರೂವರೆ.

ಬಾಯಿ ತೆರೆಯಲು ನೋಡಿದ, ಆಗಲಿಲ್ಲ. ಬಿಸಿನೀರು ಸುರಿದು ತಿಕ್ಕಿದ ಮೇಲೆ ಕೆನ್ನೆ, ಹಣೆ, ಮೂಗು ಒಂದೊಂದಾಗಿ ಹೊರಬಂದವು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬಂದವು. ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಮೀಸೆ ಮಾತ್ರ ಬರಲಿಲ್ಲ. ಮೊಟ್ಟೆ, ಮೆಂತ್ಯ, ಜೇಡಿ ಮೂರೂ ಸೇರಿ ಅದು ಹೆಂಚಿನ ಚೂರಿನಂತೆ ಗಟ್ಟಿಯಾಗಿತ್ತು. ಮಂಗಮ್ಮ ಬಾಚಣಿಗೆ ಹಾಕಿ ಎಳೆದಾಗ ಎಡಗಡೆಯ ಅರ್ಧ ಬಾಚಣಿಗೆಯ ಜೊತೆಯೇ ಬಂತು. ಗಂಗಾಧರಯ್ಯನ ಕಣ್ಣಲ್ಲಿ ಈ ಸಲ ನಿಜವಾದ ನೀರು ಬಂತು.

"ಇಷ್ಟೇ ಮೀಸೆ ಇಟ್ಕಂಡು ಹೆಂಗ್ ಬರ್ತೀರ? ತೆಗೆದುಬಿಡಿ" ಎಂದಳು ಮಂಗಮ್ಮ. ಬೇರೆ ದಾರಿ ಇರಲಿಲ್ಲ.

ಗೇಟಿನಲ್ಲಿ ರುದ್ರಮ್ಮ ಎದೆ ಹಿಡಿದುಕೊಂಡು, "ಅಯ್ಯೋ ಅಣ್ಣ, ಯಾರು ಹೋದ್ರು?" ಎಂದಳು. ಮಹೇಶ ಮಾತ್ರ ಬೈಕು ನಿಲ್ಲಿಸಿ, "ಅಂಕಲ್, ನೀವಾ? ಸಖತ್ತಾಗಿ ಕಾಣ್ತಾ ಇದೀರ. ನಲವತ್ತೈದರ ಮೇಲೆ ಹೇಳಕ್ಕಾಗಲ್ಲ" ಎಂದ. ಆ ಒಂದು ಮಾತಿಗೆ ಮೀಸೆಯ ದುಃಖ ಮುಕ್ಕಾಲು ಮರೆತುಹೋಯಿತು. ಆಟೋದಲ್ಲಿ ಬನಶಂಕರಿಯವರೆಗೂ ಅವನು ಮೊಬೈಲಿನಲ್ಲಿ ಮುಖ ನೋಡಿಕೊಳ್ಳುತ್ತಲೇ ಇದ್ದ.

ಛತ್ರದಲ್ಲಿ ಮೊದಲ ಹತ್ತು ನಿಮಿಷ ಸ್ವರ್ಗ. ಚಿಕ್ಕಬೈರಪ್ಪನಿಗೇ ಗುರುತು ಹತ್ತಲಿಲ್ಲ. "ಭಾವ, ನೀವಾ? ಅಡುಗೆಯೋರ ಕಡೆ ಹುಡುಗ ಅಂದ್ಕಂಡೆ" ಎಂದ. ಇದನ್ನು ಹೊಗಳಿಕೆಯೆಂದೇ ಗಂಗಾಧರಯ್ಯ ತೆಗೆದುಕೊಂಡ. ಯಾರೂ ಎದ್ದು ಚೇರು ಕೊಡಲಿಲ್ಲ. ಅದೂ ಅವನಿಗೆ ಸಂತೋಷವೇ. ಇನ್ನು ಹನುಮಯ್ಯ ಬಂದು ನೋಡಲಿ, ಅಷ್ಟೇ ಬಾಕಿ ಎಂದು ಬಾಗಿಲ ಕಡೆಗೇ ಕಣ್ಣು ನೆಟ್ಟು ನಿಂತ.

ಪುರೋಹಿತರು, "ಹೆಣ್ಣಿನ ಕಡೆ ಹಿರಿಯರು ಮುಂದೆ ಬನ್ನಿ, ತಾಂಬೂಲ ಬದಲಾಯಿಸಬೇಕು" ಎಂದರು. ಗಂಗಾಧರಯ್ಯನ ಕಾಲು ಅಭ್ಯಾಸಬಲದಿಂದ ಮುಂದಕ್ಕೆ ಹೋಯಿತು. ಪುರೋಹಿತರು ಅವನನ್ನು ಮೇಲಿಂದ ಕೆಳಗೆ ನೋಡಿ, "ನೀವಲ್ಲಪ್ಪ, ಹಿರಿಯರು" ಎಂದು ಬಾಗಿಲ ಕಡೆ ಕೈ ತೋರಿಸಿದರು.

ಬಾಗಿಲಲ್ಲಿ ಯಾರೋ ಯಜಮಾನ ನಿಂತಿದ್ದ. ಬೆಳ್ಳಗಿನ ತಲೆ, ಕೆನ್ನೆಯವರೆಗೆ ಹರಡಿದ ಬೆಳ್ಳನೆಯ ಮೀಸೆ, ಜರಿ ಪಂಚೆ. ನಾಲ್ಕು ಜನ ಎದ್ದು ಚೇರು ಕೊಟ್ಟರು. ಅವನು ಹತ್ತಿರ ಬಂದ ಮೇಲೆಯೇ ಗಂಗಾಧರಯ್ಯನಿಗೆ ಗೊತ್ತಾದದ್ದು, ಅದು ಹನುಮಯ್ಯ ಎಂದು.

ಹನುಮಯ್ಯ ಅವನ ಮುಖ ನೋಡಿ ಒಂದು ಗಳಿಗೆ ಬೆಪ್ಪಾದ. ಆಮೇಲೆ ಕಿವಿಯ ಹತ್ತಿರ ಬಗ್ಗಿ, "ಮಂಡಿನೋವೂ ಇಲ್ಲ, ಏನೂ ಇಲ್ಲ. ಮೀಸೆ ಬಿಡ್ತಾ ಇದ್ದೆ. ಎಲ್ಲ ಕಡೆ ತಟ್ಟೆ ನಿಮಗೆ, ಶಾಲು ನಿಮಗೆ. ದೊಡ್ಡೋನು ನಾನಿದ್ರೂ ಒಬ್ಬರೂ ಕೇಳ್ತಿರ್ಲಿಲ್ಲ. ಎಷ್ಟು ವರ್ಷ ಅಂತ ಹೊಟ್ಟೆ ಉರ್ಕೊಂಡಿರಲಿ?" ಎಂದ. "ಆ ಎರಡು ಮೂಟೆ ಮಣ್ಣು ಇನ್ನು ನನಗೆ ಬೇಡ. ನೀವೇ ತಗಂಡೋಗಿ" ಎಂದೂ ಸೇರಿಸಿದ.

ತಾಂಬೂಲದ ತಟ್ಟೆ ಹನುಮಯ್ಯನ ಕೈಗೆ ಹೋಯಿತು. ಹದಿನೈದನೆಯದಾಗಬೇಕಿದ್ದ ಶಾಲು ಅವನ ಹೆಗಲೇರಿತು. ಯಡಿಯೂರಿನ ಫೋಟೋದವನು ಕ್ಯಾಮರಾ ಎತ್ತಿ, ಗಂಗಾಧರಯ್ಯನ ಕಡೆ ಕೈ ಬೀಸಿದ.

"ಅಣ್ಣ, ಸ್ವಲ್ಪ ಹಿಂದೆ ಹೋಗಿ. ನಿಮ್ಮ ತಂದೆಯವರು ಕಾಣ್ತಾ ಇಲ್ಲ."

ಬಯಸಿ ಬಯಸಿ ಕೇಳಬೇಕೆಂದಿದ್ದ ಮಾತು ಅದು. ಗಂಗಾಧರಯ್ಯ ಹಿಂದೆ ಸರಿದು, ಹಣ್ಣಿನ ಬುಟ್ಟಿ ಹೊತ್ತ ಹುಡುಗರ ಸಾಲಿನಲ್ಲಿ ನಿಂತು, ಇಲ್ಲದ ಮೀಸೆಯ ಮೇಲೆ ಕೈಯಾಡಿಸಿಕೊಂಡ. ಪಕ್ಕದಲ್ಲಿದ್ದ ಮಂಗಮ್ಮ ವೇದಿಕೆಯಿಂದ ಕಣ್ಣು ತೆಗೆಯದೆ ಅವನ ತೋಳು ತಿವಿದಳು.

"ನಮ್ ಭಾವನ ಮೀಸೆ ನೋಡ್ರೀ. ಏನ್ ಕಳೆ ಅಂತೀರ."